ಹಿಂದಿನ ಪುಟ ನೋಡದೆ ಬರೆಯುವುದು

ನಕ್ಷತ್ರಗಳ ಬೆಳಕನ್ನು ಅಳೆಯುವುದು ನನ್ನ ಹವ್ಯಾಸ. ಇದನ್ನು ಕೇಳಿದವರು ದೊಡ್ಡ ದೂರದರ್ಶಕವೊಂದನ್ನು ಊಹಿಸಿಕೊಳ್ಳುತ್ತಾರೆ. ನನ್ನ ಬಳಿ ಅದಿಲ್ಲ. ಕಣ್ಣು, ಒಂದು ನೋಟ್‌ಬುಕ್, ಪೆನ್ಸಿಲ್, ಕೆಂಪು ಕಾಗದ ಸುತ್ತಿದ ಪುಟ್ಟ ಟಾರ್ಚು ಇವೆ. ಮಂಕು ನಕ್ಷತ್ರಗಳಿಗೆ ಒಂದು ಬೈನಾಕ್ಯುಲರ್ ಇದೆ. ಇಷ್ಟರಲ್ಲೇ ಆಗುವ ಕೆಲಸ ಇದು.

ನಕ್ಷತ್ರದ ಬೆಳಕು ಬದಲಾಗುತ್ತದೆ ಅನ್ನುವುದೇ ಎಷ್ಟೋ ಜನರಿಗೆ ಹೊಸ ಸುದ್ದಿ. ಮಿನುಗುವ ಮಾತಲ್ಲ ಇದು. ಮಿನುಗುವುದಕ್ಕೆ ಕಾರಣ ನಮ್ಮ ತಲೆಯ ಮೇಲಿನ ಗಾಳಿ. ನಾನು ಹೇಳುತ್ತಿರುವುದು ನಕ್ಷತ್ರವೇ ನಿಜಕ್ಕೂ ಮಂಕಾಗಿ, ಮತ್ತೆ ಬೆಳಗುವ ವಿಷಯ. ಪಾರ್ಥ ಪುಂಜದ ಅಲ್ಗೋಲ್ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಸುಮಾರು ಐದು ಗಂಟೆ ಇಳಿಯುತ್ತದೆ, ಐದು ಗಂಟೆ ಏರುತ್ತದೆ. ಅಲ್ಲಿ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ. ಮಂಕಾದದ್ದು ಪ್ರಕಾಶದ್ದರ ಎದುರಿಗೆ ಬಂದಾಗ ನಮಗೆ ಬೆಳಕು ಕಮ್ಮಿ. ತಿಮಿಂಗಿಲ ಪುಂಜದ ಮೀರಾ ಬೇರೆ ಥರ. ಅದು ವಯಸ್ಸಾದ ನಕ್ಷತ್ರ. ಉಬ್ಬುತ್ತದೆ, ತಗ್ಗುತ್ತದೆ. ಒಂದು ಸುತ್ತಿಗೆ ಸುಮಾರು 332 ದಿನ ಬೇಕು. ಏರಿದಾಗ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ, ಇಳಿದಾಗ ಬೈನಾಕ್ಯುಲರಿನಲ್ಲೂ ಕಷ್ಟ. 1596ರಲ್ಲಿ ಡೇವಿಡ್ ಫ್ಯಾಬ್ರಿಶಿಯಸ್ ಇದು ಮಾಯವಾದದ್ದನ್ನು ಗಮನಿಸಿ ಬರೆದಿಟ್ಟರು. ಅವರಿಗೂ ದೂರದರ್ಶಕ ಇರಲಿಲ್ಲ. ಅದು ಇನ್ನೂ ಬಂದೇ ಇರಲಿಲ್ಲ.

ಹಗಲಲ್ಲಿ ನನ್ನದು ಕ್ಯಾಲಿಬ್ರೇಷನ್ ಲ್ಯಾಬ್ ಕೆಲಸ. ತೂಕದ ಯಂತ್ರ, ತೂಕದ ಕಲ್ಲು, ಥರ್ಮಾಮೀಟರ್, ಪ್ರೆಶರ್ ಗೇಜು, ಇಂಥವು ಬರುತ್ತವೆ. ಅವು ಹೇಳುವ ಸಂಖ್ಯೆ ಎಷ್ಟು ಸರಿ ಅಂತ ನೋಡಿ ಸರ್ಟಿಫಿಕೇಟ್ ಕೊಡುವುದು ನಮ್ಮ ಕೆಲಸ. ಅಳತೆ ಅಂದರೆ ಹೋಲಿಕೆ, ಬೇರೇನೂ ಅಲ್ಲ. ನಮ್ಮ ಹತ್ತಿರ ಒಂದು ನಂಬಿಕಸ್ಥ ತೂಕ ಇರುತ್ತದೆ. ಅದನ್ನು ಕೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡೂ ತೂಗುತ್ತದೆ. ಮೊದಲು ನಮ್ಮದು, ಆಮೇಲೆ ಬಂದದ್ದು, ಮತ್ತೆ ಬಂದದ್ದು, ಕೊನೆಗೆ ನಮ್ಮದು. ಈ ಕ್ರಮದಲ್ಲಿ ತೂಗಿದರೆ ನಡುವೆ ಯಂತ್ರ ಒಂದೇ ವೇಗದಲ್ಲಿ ಸ್ವಲ್ಪ ಸ್ವಲ್ಪ ಸರಿದಿದ್ದರೂ ಅದು ಲೆಕ್ಕದಲ್ಲಿ ಕಳೆದುಹೋಗುತ್ತದೆ.

ರಾತ್ರಿ ಟೆರೇಸಿನ ಮೇಲೆ ಮಾಡುವುದೂ ಅದೇ ಕೆಲಸ. ಅಲ್ಲಿ ನಂಬಿಕಸ್ಥ ತೂಕದ ಬದಲು ಬೆಳಕು ಬದಲಿಸದ ನಕ್ಷತ್ರಗಳಿವೆ. ನಕ್ಷತ್ರದ ಬೆಳಕಿಗೆ ಕಾಂತಿಮಾನ ಅನ್ನುವ ಸಂಖ್ಯೆ ಕೊಡುತ್ತಾರೆ. ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು. ಐದು ಕಾಂತಿಮಾನದ ವ್ಯತ್ಯಾಸ ಅಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ. ಈ ಲೆಕ್ಕವನ್ನು ನಾರ್ಮನ್ ಪಾಗ್ಸನ್ 1856ರಲ್ಲಿ ಸೂಚಿಸಿದರು. ಅಲ್ಗೋಲ್ ಮಾಮೂಲಿ ದಿನ 2.1 ಇರುತ್ತದೆ, ಇಳಿದಾಗ 3.4. ನಾನು ಅದರ ಸುತ್ತ ಎರಡು ಸ್ಥಿರ ನಕ್ಷತ್ರ ಹಿಡಿದುಕೊಳ್ಳುತ್ತೇನೆ. ಒಂದು ಅದಕ್ಕಿಂತ ಸ್ವಲ್ಪ ಪ್ರಕಾಶ, ಇನ್ನೊಂದು ಸ್ವಲ್ಪ ಮಂಕು. ಎರಡರ ನಡುವೆ ಅಲ್ಗೋಲ್ ಎಲ್ಲಿ ನಿಲ್ಲುತ್ತದೆ? ನಡುಮಧ್ಯಕ್ಕಾ, ಮಂಕಾದದ್ದರ ಹತ್ತಿರಕ್ಕಾ? ಅಷ್ಟು ತೀರ್ಮಾನಿಸಿ ಸಂಖ್ಯೆ ಬರೆಯುತ್ತೇನೆ. ಅಭ್ಯಾಸ ಇರುವ ಕಣ್ಣು 0.1 ಅಥವಾ 0.2ರ ಒಳಗೆ ಹೇಳುತ್ತದೆ. ಬರಿಗಣ್ಣಿಗೆ ಇದು ಸಣ್ಣ ಸಾಧನೆಯಲ್ಲ ಅಂತ ನನ್ನ ಅನಿಸಿಕೆ.

ಇದಕ್ಕೆ ಕೆಲವು ಶಿಸ್ತುಗಳಿವೆ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಫೋನಿನ ಬಿಳಿ ಪರದೆ ನೋಡಿದರೆ ಮತ್ತೆ ಮೊದಲಿಂದ ಶುರು. ಹೋಲಿಸುವ ನಕ್ಷತ್ರಗಳು ಆಕಾಶದಲ್ಲಿ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ದಿಗಂತದ ಹತ್ತಿರ ಗಾಳಿಯ ಪದರ ದಪ್ಪ, ಅದು ಬೆಳಕು ತಿನ್ನುತ್ತದೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು. ನೋಡ್ತಾ ನೋಡ್ತಾ ಅದು ಇರುವುದಕ್ಕಿಂತ ಪ್ರಕಾಶವಾಗಿ ಕಾಣತೊಡಗುತ್ತದೆ. ಚಕ್ ಅಂತ ನೋಡಿ ಕಣ್ಣು ತೆಗೆಯಬೇಕು.

ಇದೆಲ್ಲಕ್ಕಿಂತ ದೊಡ್ಡ ಶಿಸ್ತು ಇನ್ನೊಂದು. ನಿನ್ನೆ ಬರೆದದ್ದನ್ನು ಇವತ್ತು ನೋಡಬಾರದು. ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳಿಗೆ ದೊಡ್ಡ ಕ್ಲಿಪ್ ಹಾಕಿಡುತ್ತೇನೆ. ಇವತ್ತು ಎಷ್ಟು ಇರಬೇಕು ಅಂತ ಹೇಳುವ ಆ್ಯಪುಗಳಿವೆ, ಅವನ್ನೂ ಮೊದಲು ತೆರೆಯುವುದಿಲ್ಲ. ಯಾಕೆಂದರೆ ಕಣ್ಣು ಮಾತು ಕೇಳುತ್ತದೆ. "ಇವತ್ತು 2.8 ಇರಬೇಕು" ಅಂತ ಗೊತ್ತಿದ್ದರೆ 2.8 ಕಾಣುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇರುವುದಿಲ್ಲ. ನಿಜಕ್ಕೂ ಹಾಗೇ ಕಾಣುತ್ತದೆ. ಭಯ ಹುಟ್ಟಿಸುವ ಸಂಗತಿ ಅದೇ.

ಈ ವಿಷಯ ಬಂದಾಗಲೆಲ್ಲ ನನಗೆ ರೆನೆ ಬ್ಲಾಂಡ್ಲೋ ನೆನಪಾಗುತ್ತಾರೆ. ಫ್ರಾನ್ಸಿನ ನ್ಯಾನ್ಸಿ ನಗರದ ಭೌತವಿಜ್ಞಾನಿ, ಗೌರವಾನ್ವಿತ ಮನುಷ್ಯ. ಎಕ್ಸ್ ಕಿರಣ ಗೊತ್ತಾಗಿ ಕೆಲವೇ ವರ್ಷ ಆಗಿತ್ತು. 1903ರಲ್ಲಿ ಅವರು ಹೊಸದೊಂದು ಕಿರಣ ಕಂಡೆ ಅಂದರು. ಊರಿನ ಹೆಸರಿನಿಂದ ಅದಕ್ಕೆ ಎನ್ ಕಿರಣ ಅಂತ ಹೆಸರಿಟ್ಟರು. ಆ ಕಿರಣ ಬಿದ್ದಾಗ ಕತ್ತಲ ಕೋಣೆಯಲ್ಲಿ ಒಂದು ಮಂಕು ಹೊಳಪು ಕೊಂಚ ಹೆಚ್ಚಾಗುತ್ತದೆ ಅನ್ನುವುದು ಅವರ ಸಾಕ್ಷಿ. ಹೆಚ್ಚಾಯಿತೋ ಇಲ್ಲವೋ ಅಂತ ತೀರ್ಮಾನಿಸುತ್ತಿದ್ದದ್ದು ಕಣ್ಣು. ಬೇರೆ ವಿಜ್ಞಾನಿಗಳು ಹಲವರು ತಮಗೂ ಕಂಡಿತು ಅಂತ ಬರೆದರು. ಇನ್ನು ಕೆಲವರಿಗೆ ಎಷ್ಟು ಪ್ರಯತ್ನಪಟ್ಟರೂ ಕಾಣಲಿಲ್ಲ. 1904ರಲ್ಲಿ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋದರು. ಪ್ರಯೋಗದ ಮುಖ್ಯ ಭಾಗ ಒಂದು ಅಲ್ಯೂಮಿನಿಯಂ ಪಟ್ಟಕ. ಕತ್ತಲಲ್ಲಿ ಯಾರಿಗೂ ಗೊತ್ತಾಗದ ಹಾಗೆ ವುಡ್ ಅದನ್ನು ತೆಗೆದುಬಿಟ್ಟರು. ಅಳತೆಗಳು ಮೊದಲಿನ ಹಾಗೇ ಬರುತ್ತಲೇ ಇದ್ದವು. ವುಡ್ ಇದನ್ನು 'ನೇಚರ್' ಪತ್ರಿಕೆಗೆ ಬರೆದ ಮೇಲೆ ಎನ್ ಕಿರಣದ ಕಥೆ ಹೆಚ್ಚು ದಿನ ಉಳಿಯಲಿಲ್ಲ.

ಈ ಕಥೆಯನ್ನು ಬ್ಲಾಂಡ್ಲೋ ಅವರನ್ನು ಹೀಯಾಳಿಸುವುದಕ್ಕೆ ಬಳಸುವುದನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಅವರು ಮೋಸಗಾರರಲ್ಲ. ಕತ್ತಲಲ್ಲಿ ಕೂತು, ಮಂಕು ಬೆಳಕೊಂದು ಹೆಚ್ಚಾಯಿತಾ ಕಮ್ಮಿಯಾಯಿತಾ ಅಂತ ಕಣ್ಣಲ್ಲಿ ಅಂದಾಜು ಮಾಡುತ್ತಿದ್ದ ಮನುಷ್ಯ. ಅಂದರೆ ನಾನು ರಾತ್ರಿ ಮಾಡುವ ಕೆಲಸವನ್ನೇ ಮಾಡುತ್ತಿದ್ದರು. ಅವರ ಬಳಿ ಇಲ್ಲದೇ ಇದ್ದದ್ದು ತನ್ನ ಆಸೆಯನ್ನು ಹೊರಗೆ ನಿಲ್ಲಿಸುವ ಒಂದು ಉಪಾಯ. ಬುದ್ಧಿವಂತಿಕೆ ಈ ಕೆಲಸಕ್ಕೆ ಸಾಲುವುದಿಲ್ಲ. ಉಪಾಯ ಬೇಕು. ಕ್ಲಿಪ್ಪು ಅಂಥ ಒಂದು ಉಪಾಯ.

ಇದು ಆಕಾಶಕ್ಕೆ ಮಾತ್ರ ಸೇರಿದ ವಿಷಯ ಅಲ್ಲವಲ್ಲ. ನಮ್ಮ ಚಿಕ್ಕಪ್ಪನಿಗೆ ಬಿಪಿ ಇದೆ. ಮನೆಯಲ್ಲೇ ಮೆಷಿನ್ ಇಟ್ಟುಕೊಂಡಿದ್ದಾರೆ. ಜಾಸ್ತಿ ಬಂದರೆ ಮತ್ತೆ ನೋಡುತ್ತಾರೆ, ಮತ್ತೂ ನೋಡುತ್ತಾರೆ, ಕಮ್ಮಿ ಬಂದದ್ದನ್ನು ಬರೆಯುತ್ತಾರೆ. ಡಾಕ್ಟರ ಮುಂದೆ ಇಡುವ ಚೀಟಿ ಬಹಳ ಚೆನ್ನಾಗಿ ಇರುತ್ತದೆ. ಚಿಕ್ಕಪ್ಪ ಸುಳ್ಳು ಹೇಳುವವರಲ್ಲ. ಜಾಸ್ತಿ ಬಂದ ಸಂಖ್ಯೆ "ಸರಿಯಾಗಿ ಬಂದಿಲ್ಲ" ಅಂತ ಅವರಿಗೆ ಮನಸ್ಸಿನಿಂದಲೇ ಅನಿಸುತ್ತದೆ. ಕಮ್ಮಿ ಬಂದದ್ದರ ಬಗ್ಗೆ ಆ ಅನುಮಾನ ಬರುವುದಿಲ್ಲ, ಅಲ್ವಾ? ಎಲ್ಲ ಗಂಟೂ ಇರುವುದು ಅಲ್ಲೇ. ನಮಗೆ ಬೇಡವಾದ ಸಂಖ್ಯೆಯನ್ನು ನಾವು ಪರೀಕ್ಷೆ ಮಾಡುತ್ತೇವೆ, ಬೇಕಾದದ್ದನ್ನು ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತೇವೆ.

ಅವರ ಜೊತೆ ವಾದ ಮಾಡಲು ಹೋಗಲಿಲ್ಲ. "ಚಿಕ್ಕಪ್ಪ, ನಮ್ಮ ಲ್ಯಾಬಿನಲ್ಲಿ ನಾವು ಹೇಗೆ ಬರೆಯುತ್ತೇವೆ ತೋರಿಸಲಾ?" ಅಂದೆ. ಐದು ನಿಮಿಷ ಸುಮ್ಮನೆ ಕೂರುವುದು. ತೋಳು ಎದೆಯ ಮಟ್ಟದಲ್ಲಿ ಇರುವುದು. ಒಂದು ನಿಮಿಷ ಬಿಟ್ಟು ಎರಡು ಸಲ ನೋಡುವುದು. ಬಂದ ಎರಡನ್ನೂ ಬರೆಯುವುದು. ನೋಡುವ ಮೊದಲೇ ಪುಸ್ತಕದಲ್ಲಿ ಎರಡು ಖಾಲಿ ಮನೆ ಗೆರೆ ಹಾಕಿಡುವುದು. "ಇಷ್ಟೇನಾ?" ಅಂದರು. ಇಷ್ಟೇ. ಆದರೆ ಗೆರೆ ಮೊದಲೇ ಎಳೆದಿದ್ದರೆ ಮೂರನೆಯದು ತೆಗೆದುಕೊಳ್ಳುವ ಆಸೆಗೆ ಜಾಗ ಇರುವುದಿಲ್ಲ. ಈಗ ಅವರ ಚೀಟಿ ಮೊದಲಿನಷ್ಟು ಚೆನ್ನಾಗಿಲ್ಲ. ಡಾಕ್ಟರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತಿದೆ.

ಲ್ಯಾಬಿನಿಂದ ನಾನು ಮನೆಗೆ ತಂದುಕೊಂಡ ಇನ್ನೊಂದು ಅಭ್ಯಾಸ ಇದೆ. ನಮ್ಮ ಕ್ಯಾಲಿಬ್ರೇಷನ್ ಸರ್ಟಿಫಿಕೇಟುಗಳಲ್ಲಿ ಬರೀ ಸಂಖ್ಯೆ ಬರೆಯುವಂತಿಲ್ಲ. ಅದರ ಪಕ್ಕ "ಇಷ್ಟು ಆಚೀಚೆ ಇರಬಹುದು" ಅಂತ ಇನ್ನೊಂದು ಸಂಖ್ಯೆ ಇರಲೇಬೇಕು. ಐಎಸ್‌ಒ 17025 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ನಿಯಮ ಅದು. ನಮ್ಮ ಕೆಲಸದಲ್ಲಿ ಅನುಮಾನ ಎಷ್ಟು ಅಂತ ಹೇಳದವರ ಮಾತಿಗೆ ಬೆಲೆ ಇಲ್ಲ. ಹೊರಗಿನ ಜೀವನದಲ್ಲಿ ಇದು ಪೂರ್ತಿ ತಿರುವುಮುರುವು. "ಬಹುಶಃ ಹೀಗಿರಬಹುದು" ಅನ್ನುವವರನ್ನು ಏನೂ ತಿಳಿಯದವರು ಅಂದುಕೊಳ್ಳುತ್ತಾರೆ. ಮೇಜು ಕುಟ್ಟಿ ಹೇಳಿದವರನ್ನು ತಿಳಿದವರು ಅಂದುಕೊಳ್ಳುತ್ತಾರೆ. ಟಿವಿ ಚರ್ಚೆಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ, ಮನೆಯ ಮಾತಿನಲ್ಲಿ ಎಲ್ಲ ಕಡೆ ನೋಡುತ್ತೇನೆ. ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ ಉತ್ತರ ಒದರಿದ ಮಗುವಿಗೆ ಶಭಾಷ್ ಸಿಗುತ್ತದೆ. "ನೋಡಿ ಹೇಳ್ತೀನಿ" ಅಂದ ಮಗುವಿಗೆ ಏನೂ ಸಿಗುವುದಿಲ್ಲ. ನನಗೆ ಇದರ ಬಗ್ಗೆ ನಿಜವಾಗಿಯೂ ನೋವಿದೆ. ಯಾಕೆಂದರೆ ನೋಡಿ ಹೇಳುವ ಮಗುವೇ ನಾಳೆ ನಮ್ಮ ರಕ್ತ ಪರೀಕ್ಷೆ ಮಾಡಬೇಕು, ಸೇತುವೆಗೆ ಸಹಿ ಹಾಕಬೇಕು.

ಆಕಾಶದ ವಿಷಯಕ್ಕೇ ಬಂದರೆ, ಪ್ರತಿ ಆಗಸ್ಟಿನಲ್ಲಿ ಒಂದು ಮೆಸೇಜ್ ಬರುತ್ತದೆ. ಆಗಸ್ಟ್ 27ರಂದು ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ತಪ್ಪಿಸಿಕೊಳ್ಳಬೇಡಿ ಅಂತ. ಇದಕ್ಕೆ ಒಂದು ಮೂಲ ಇದೆ. 2003ರ ಆಗಸ್ಟ್ 27ರಂದು ಮಂಗಳ ನಿಜಕ್ಕೂ ಭೂಮಿಯ ಹತ್ತಿರ ಬಂದಿತ್ತು. ಸುಮಾರು 5.58 ಕೋಟಿ ಕಿಲೋಮೀಟರ್. ಹೆಚ್ಚುಕಡಿಮೆ 60,000 ವರ್ಷಗಳಲ್ಲಿ ಅಷ್ಟು ಹತ್ತಿರ ಬಂದಿರಲಿಲ್ಲ. ಆಗ ಹರಿದಾಡಿದ ಇಮೇಲಿನಲ್ಲಿ, ದೂರದರ್ಶಕದಲ್ಲಿ 75 ಪಟ್ಟು ದೊಡ್ಡದು ಮಾಡಿ ನೋಡಿದರೆ ಮಂಗಳ ಬರಿಗಣ್ಣಿಗೆ ಕಾಣುವ ಚಂದ್ರನಷ್ಟು ಕಾಣುತ್ತದೆ ಅಂತ ಇತ್ತು. ಅದು ನಿಜ. ಮುಂದೆ ಮುಂದೆ ಕಳಿಸುತ್ತಾ ಹೋದ ಹಾಗೆ 75 ಪಟ್ಟು ಬಿದ್ದುಹೋಯಿತು, 2003 ಬಿದ್ದುಹೋಯಿತು, ಚಂದ್ರ ಉಳಿದ.

ನಮ್ಮ ಮನೆಯ ಗುಂಪಿನಲ್ಲಿ ಇದು ಬಂದಾಗ ಮೊದಲೆಲ್ಲ ಯಾರಾದರೂ ಒಬ್ಬರು "ಇದು ಸುಳ್ಳು" ಅಂತ ಹಾಕುತ್ತಿದ್ದರು. ಕಳಿಸಿದವರಿಗೆ ಬೇಸರ, ಹಾಕಿದವರಿಗೆ ಜಂಭದವರು ಅನ್ನುವ ಹೆಸರು. ಈಗ ನಾನು ಬೇರೆ ಥರ ಮಾಡುತ್ತೇನೆ. "ದೊಡ್ಡಮ್ಮ, ಇವತ್ತು ರಾತ್ರಿ ನೋಡೋಣ ಬನ್ನಿ" ಅಂತ ಬರೆಯುತ್ತೇನೆ. ಮಂಗಳ ಆಗ ಆಕಾಶದಲ್ಲಿ ಎಲ್ಲಿದೆ, ಎಷ್ಟು ಹೊತ್ತಿಗೆ ಕಾಣುತ್ತದೆ ಅಂತ ಹಾಕುತ್ತೇನೆ. ಭೂಮಿ ಮಂಗಳವನ್ನು ಸುಮಾರು 26 ತಿಂಗಳಿಗೊಮ್ಮೆ ದಾಟಿ ಹೋಗುತ್ತದೆ, ಅದು ಹತ್ತಿರ ಇರುವುದು ಆಗ. ಆದ್ದರಿಂದ ಎಷ್ಟೋ ಆಗಸ್ಟುಗಳಲ್ಲಿ ಮಂಗಳ ದೂರ ಇರುತ್ತದೆ, ಇಲ್ಲವೇ ಸೂರ್ಯನ ಮಗ್ಗುಲಲ್ಲಿ ಅಡಗಿ ಕಾಣುವುದೇ ಇಲ್ಲ. ದೊಡ್ಡಮ್ಮ ನೋಡಿದರು. ಒಂದು ಕೆಂಪು ಚುಕ್ಕಿ. "ಇದೇನೇ, ಇಷ್ಟೇ ಇದೆ" ಅಂದರು. ಅವರೇ ಗುಂಪಿಗೆ ಬರೆದರು, ನಾನು ನೋಡಿದೆ ಇಷ್ಟೇ ಇದೆ ಅಂತ. ಆ ವಾಕ್ಯದ ಮುಂದೆ ಯಾರೂ ವಾದ ಮಾಡಲಿಲ್ಲ.

ನನ್ನ ಜೊತೆ ಟೆರೇಸಿಗೆ ಬರುವವರು ನಮ್ಮತ್ತೆ. ಅವರಿಗೆ ಪೊರೆಯ ಆಪರೇಷನ್ ಆಗಿದೆ. ಆಪರೇಷನ್ ಆದ ಮೇಲೆ ನೀಲಿ ಬಣ್ಣ ಎಷ್ಟು ಚೆನ್ನಾಗಿ ಕಾಣುತ್ತೆ ಅಂತ ತುಂಬ ದಿನ ಹೇಳುತ್ತಿದ್ದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದು ಹೊಸ ಮಸೂರ ಹಾಕಿದಾಗ ನೀಲಿ ಮತ್ತೆ ಒಳಗೆ ಬರುತ್ತದೆ. ಹೀಗಾಗಿ ಕೆಂಪು ನಕ್ಷತ್ರವನ್ನು ಬಿಳಿ ನೀಲಿ ನಕ್ಷತ್ರಗಳ ಜೊತೆ ಹೋಲಿಸಿದರೆ ನನ್ನ ಸಂಖ್ಯೆಯೂ ಅವರ ಸಂಖ್ಯೆಯೂ ಒಂದೇ ಬರುವುದಿಲ್ಲ. ಆರ್ದ್ರಾ ನಕ್ಷತ್ರದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅವರಿಗೆ ಅದು ನನಗಿಂತ ಮಂಕು.

"ನಿಂದೇ ಸರಿ ಇರಬೇಕು, ನೀನು ಓದಿದವಳು, ನಿಂದೇ ಬರಿ" ಅಂದರು ಮೊದಲ ಸಲ.

"ಇಲ್ಲ ಅತ್ತೆ, ನಿಮ್ಮದು ನಿಮ್ಮ ಹೆಸರಲ್ಲಿ, ನನ್ನದು ನನ್ನ ಹೆಸರಲ್ಲಿ" ಅಂದೆ.

ಇದು ಸೌಜನ್ಯದ ಮಾತಲ್ಲ. ವೇರಿಯೇಬಲ್ ಸ್ಟಾರ್, ಅಂದರೆ ಹೀಗೆ ಬೆಳಕು ಬದಲಿಸುವ ನಕ್ಷತ್ರ, ನೋಡುವವರ ಅಮೆರಿಕನ್ ಸಂಘ, ಎಎವಿಎಸ್‌ಒ, 1911ರಲ್ಲಿ ಶುರುವಾದದ್ದು. ಜಗತ್ತಿನ ಎಲ್ಲ ಕಡೆಯಿಂದ ಅಳತೆ ತೆಗೆದುಕೊಳ್ಳುತ್ತದೆ. ಪ್ರತಿಯೊಬ್ಬ ವೀಕ್ಷಕರಿಗೂ ಒಂದು ಕೋಡ್ ಇರುತ್ತದೆ. ಒಬ್ಬರ ಕಣ್ಣು ಯಾವಾಗಲೂ ಒಂದೇ ಕಡೆಗೆ ವಾಲುತ್ತಿದ್ದರೆ, ಕೋಡ್ ಇರುವುದರಿಂದ ಆ ವಾಲನ್ನು ಕಂಡುಹಿಡಿಯಬಹುದು, ಲೆಕ್ಕದಲ್ಲಿ ಸರಿಪಡಿಸಲೂಬಹುದು. ಇಬ್ಬರೂ ಮಾತಾಡಿಕೊಂಡು ನಡುವಿನ ಸಂಖ್ಯೆ ಕಳಿಸಿದರೆ ಎರಡೂ ಅಳತೆ ಹಾಳು. ಮನೆಯಲ್ಲಿ ಒಮ್ಮತ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನೋಟ್‌ಬುಕ್ಕಿನಲ್ಲಿ ಒಳ್ಳೆಯದಲ್ಲ. ಅತ್ತೆಗೆ ಈಗ ಅವರದೇ ಕೋಡ್ ಇದೆ. ತಮ್ಮ ಸಂಖ್ಯೆಯನ್ನು ನನಗೆ ಕಾಣದ ಹಾಗೆ ಬರೆದು ಪುಸ್ತಕ ಮುಚ್ಚುತ್ತಾರೆ. ಗಾಬರಿಪಡುವ ಹೆಂಗಸಲ್ಲ ಅವರು, ಆದರೂ ತಾವು ಕಂಡದ್ದಕ್ಕೆ ಬೆಲೆ ಇದೆ ಅನ್ನುವುದು ಅವರಿಗೆ ಹೊಸದಾಗಿತ್ತು ಅಂತ ನನಗೆ ಅನಿಸುತ್ತದೆ. ಮನೆಯಲ್ಲಿ ದುಡಿದ ಎಷ್ಟೋ ಹೆಂಗಸರಿಗೆ "ನಿಮಗೆ ಏನು ಕಂಡಿತು" ಅಂತ ಯಾರೂ ಕೇಳಿರುವುದಿಲ್ಲ.

ಆರ್ದ್ರಾ ಅಂದೆನಲ್ಲ, ಅದರ ಕಥೆ ಗೊತ್ತಿರಲಿ. ಮಹಾವ್ಯಾಧನ ಹೆಗಲ ಮೇಲಿನ ಕೆಂಪು ನಕ್ಷತ್ರ. ಬೆಟೆಲ್‌ಗ್ಯೂಸ್ ಅನ್ನುವುದೂ ಅದನ್ನೇ. ಮಾಮೂಲಿಯಾಗಿ ಅದು ರೋಹಿಣಿಗಿಂತ ಪ್ರಕಾಶ. 2019ರ ಕೊನೆಯಲ್ಲಿ ಇಳಿಯತೊಡಗಿತು. 2020ರ ಫೆಬ್ರವರಿ ಹೊತ್ತಿಗೆ ಸುಮಾರು 1.6ಕ್ಕೆ ಇಳಿದು, ಅದೇ ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲಾಟ್ರಿಕ್ಸ್‌ಗೆ ಸಮ ಆಯಿತು. ಮಹಾವ್ಯಾಧನ ಆಕಾರವೇ ಬದಲಾದ ಹಾಗಿತ್ತು. ಇನ್ನೇನು ಸಿಡಿಯುತ್ತದೆ ಅಂತ ಪತ್ರಿಕೆಗಳು ಬರೆದವು. ಸಿಡಿಯಲಿಲ್ಲ. ನಕ್ಷತ್ರ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಅದರ ಮುಖಕ್ಕೆ ಅಡ್ಡ ಬಂದಿತ್ತು ಅಂತ ಆಮೇಲೆ ತಿಳಿಯಿತು. ಆ ಚಳಿಗಾಲದಲ್ಲಿ ಏನಾಯಿತು ಅಂತ ಅರ್ಥ ಮಾಡಿಕೊಳ್ಳಲು, ಅದಕ್ಕೆ ಮೊದಲು ದಶಕಗಳ ಕಾಲ ಅದು ಹೇಗಿತ್ತು ಅಂತ ಗೊತ್ತಿರಬೇಕಿತ್ತು. ಆ ಹಳೆಯ ದಾಖಲೆಯಲ್ಲಿ ಬಹಳಷ್ಟು ಬಂದದ್ದು ಹವ್ಯಾಸಿಗಳ ಕಣ್ಣಿನಿಂದ. ದೊಡ್ಡ ದೂರದರ್ಶಕಗಳಿಗೆ ಒಂದೇ ನಕ್ಷತ್ರವನ್ನು ವರ್ಷಾನುಗಟ್ಟಲೆ ನೋಡುತ್ತಾ ಕೂರಲು ಪುರುಸೊತ್ತಿಲ್ಲ. ಇಷ್ಟೊಂದು ಪ್ರಕಾಶದ ನಕ್ಷತ್ರ ಎಷ್ಟೋ ಯಂತ್ರಗಳ ಕಣ್ಣು ಕುಕ್ಕುತ್ತದೆ ಬೇರೆ.

"ಇದರಿಂದ ಏನು ಉಪಯೋಗ?" ಅಂತ ಕೇಳುವವರಿಗೆ ನಾನು ಸಾಮಾನ್ಯವಾಗಿ ಜಾನ್ ಗುಡ್‌ರಿಕ್ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಯಾರ್ಕಿನ ಹುಡುಗ. ಕಿವಿ ಕೇಳುತ್ತಿರಲಿಲ್ಲ. 1782ರಲ್ಲಿ, 18ನೇ ವಯಸ್ಸಿನಲ್ಲಿ, ಅಲ್ಗೋಲ್ ಇಳಿಯುವುದನ್ನು ನೋಡಿದ. ಅದು ಕ್ರಮ ತಪ್ಪದೆ ಇಳಿಯುತ್ತದೆ ಅಂತ ತೋರಿಸಿದ. ಯಾವುದೋ ಮಂಕು ಕಾಯ ಅದರ ಎದುರು ಹಾಯುತ್ತಿರಬಹುದು ಅಂತಲೂ ಬರೆದ. ರಾಯಲ್ ಸೊಸೈಟಿ 1783ರಲ್ಲಿ ಅವನಿಗೆ ಕಾಪ್ಲಿ ಪದಕ ಕೊಟ್ಟಿತು. ಅವನ ಊಹೆ ಸರಿ ಅಂತ 1889ರಲ್ಲಿ ಹರ್ಮನ್ ಫೋಗೆಲ್ ವರ್ಣಪಟಲದಿಂದ ಖಚಿತ ಮಾಡಿದರು. 1784ರಲ್ಲಿ ಅವನು ಯುಧಿಷ್ಠಿರ ಪುಂಜದ ಡೆಲ್ಟಾ ಸೆಫಿಯ ಬೆಳಕೂ ಬದಲಾಗುತ್ತದೆ ಅಂತ ಕಂಡುಹಿಡಿದ. 21ನೇ ವಯಸ್ಸಿಗೆ ತೀರಿಕೊಂಡ. ಡೆಲ್ಟಾ ಸೆಫಿಯ ಜಾತಿಯ ನಕ್ಷತ್ರಗಳನ್ನು ಈಗ ಸೆಫಿಡ್ ಅನ್ನುತ್ತಾರೆ. ಅವುಗಳ ಸುತ್ತು ಉದ್ದವಾದಷ್ಟೂ ನಿಜವಾದ ಪ್ರಕಾಶ ಹೆಚ್ಚು ಅಂತ ಹೆನ್ರಿಯೆಟ್ಟಾ ಲೆವಿಟ್ 1912ರಲ್ಲಿ ತೋರಿಸಿದರು. ಅವರಿಗೂ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆ ಸೂತ್ರ ಹಿಡಿದು ಎಡ್ವಿನ್ ಹಬಲ್ 1923ರಲ್ಲಿ ಆಂಡ್ರೊಮಿಡಾದಲ್ಲಿ ಒಂದು ಸೆಫಿಡ್ ಕಂಡು, ಅದರ ದೂರ ಲೆಕ್ಕ ಹಾಕಿ, ಆಂಡ್ರೊಮಿಡಾ ನಮ್ಮ ಗ್ಯಾಲಕ್ಸಿಯ ಆಚೆಗಿನ ಇನ್ನೊಂದು ಗ್ಯಾಲಕ್ಸಿ ಅಂತ ಗೊತ್ತುಮಾಡಿದರು. ಕಿಟಕಿಯ ಹತ್ತಿರ ಕೂತು ಇವತ್ತು ಎಷ್ಟು, ನಾಳೆ ಎಷ್ಟು ಅಂತ ಬರೆದ ಹುಡುಗನಿಂದ ಇಲ್ಲಿಯವರೆಗೆ. ಉಪಯೋಗ ಕೇಳಿದವರಿಗೆ ಇದು ಸಾಕು. ನನಗೆ ಮಾತ್ರ ಉಪಯೋಗ ಇಲ್ಲದಿದ್ದರೂ ಮಾಡುತ್ತಿದ್ದೆ.

ಕಾಣದೇ ಇದ್ದದ್ದನ್ನೂ ಬರೆಯಬೇಕು ಅನ್ನುವುದು ಈ ಹವ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ನಿಯಮ. ನಕ್ಷತ್ರ ಕಾಣಲಿಲ್ಲ ಅಂದರೆ ಪುಟ ಖಾಲಿ ಬಿಡುವ ಹಾಗಿಲ್ಲ. ಅದರ ಹತ್ತಿರ ಕಂಡ ಅತಿ ಮಂಕು ನಕ್ಷತ್ರ ಯಾವುದೋ ಅದರ ಸಂಖ್ಯೆ ಬರೆದು, "ಇದಕ್ಕಿಂತ ಮಂಕು" ಅಂತ ಗುರುತು ಹಾಕಬೇಕು. ಉತ್ತರ ಕಿರೀಟ ಪುಂಜದಲ್ಲಿ ಟಿ ಅನ್ನುವ ನಕ್ಷತ್ರ ಇದೆ. 1866ರಲ್ಲೊಮ್ಮೆ, 1946ರಲ್ಲೊಮ್ಮೆ ಇದ್ದಕ್ಕಿದ್ದಂತೆ ಭುಗಿಲೆದ್ದು ಬರಿಗಣ್ಣಿಗೆ ಕಂಡಿತ್ತು. ಉಳಿದ ಕಾಲದಲ್ಲಿ ಅದು 10ರ ಆಸುಪಾಸಿನ ಮಂಕು ಚುಕ್ಕಿ, ಬರಿಗಣ್ಣಿಗೆ ಸಿಗುವುದೇ ಇಲ್ಲ. ಅಮೆರಿಕದ ಹವ್ಯಾಸಿ ಲೆಸ್ಲಿ ಪೆಲ್ಟಿಯರ್ ಅದನ್ನು ಸುಮಾರು 25 ವರ್ಷ ಕಾದರು. 1946ರ ಫೆಬ್ರವರಿಯ ಒಂದು ನಸುಕಿನಲ್ಲಿ ಎದ್ದರು, ನೆಗಡಿ ಬರುವ ಹಾಗಿತ್ತು, ಮತ್ತೆ ಮಲಗಿದರು. ನಕ್ಷತ್ರ ಭುಗಿಲೆದ್ದದ್ದು ಅದೇ ರಾತ್ರಿ. ಎಷ್ಟು ಸಲ ಓದಿದರೂ ನನ್ನ ಹೊಟ್ಟೆ ಹಿಂಡುತ್ತದೆ. ಆದರೂ ಅವರ 25 ವರ್ಷದ "ಇನ್ನೂ ಏನೂ ಇಲ್ಲ" ಸಾಲುಗಳು ವ್ಯರ್ಥ ಅಲ್ಲ. ಭುಗಿಲೇಳುವ ಮೊದಲು ಆ ನಕ್ಷತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯುವುದಕ್ಕೆ ಅಂಥ ಸಾಲುಗಳೇ ಬೇಕು.

ಈಗ ನನ್ನನ್ನು ಕಾಡುತ್ತಿರುವುದು ಬೆಳಕು. ಆಕಾಶದ್ದಲ್ಲ, ಬೀದಿಯದು. 2011ರಿಂದ 2022ರವರೆಗೆ ಜಗತ್ತಿನ ಹವ್ಯಾಸಿಗಳು ತಮಗೆ ಎಷ್ಟು ನಕ್ಷತ್ರ ಕಾಣುತ್ತವೆ ಅಂತ ಕಳಿಸಿದ 50,000ಕ್ಕೂ ಹೆಚ್ಚು ವರದಿಗಳನ್ನು ಸೇರಿಸಿ ಮಾಡಿದ ಅಧ್ಯಯನವೊಂದು 2023ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ರಾತ್ರಿ ಆಕಾಶದ ಬೆಳಕು ವರ್ಷಕ್ಕೆ ಸರಾಸರಿ 9.6 ಶೇಕಡಾ ಹೆಚ್ಚುತ್ತಿದೆ. ಅಂದರೆ ಎಂಟು ವರ್ಷದೊಳಗೆ ಎರಡರಷ್ಟು. 250 ನಕ್ಷತ್ರ ಕಾಣುವ ಜಾಗದಲ್ಲಿ ಹುಟ್ಟಿದ ಮಗುವಿಗೆ 18 ತುಂಬುವಾಗ ಅದೇ ಜಾಗದಲ್ಲಿ ಸುಮಾರು 100 ಕಾಣುತ್ತವೆ. ಉಪಗ್ರಹಗಳ ಅಳತೆಯಲ್ಲಿ ಈ ಏರಿಕೆ ಇಷ್ಟು ಕಾಣುತ್ತಿರಲಿಲ್ಲ. ಎಲ್‌ಇಡಿ ದೀಪಗಳ ನೀಲಿ ಬೆಳಕು ಆ ಕ್ಯಾಮೆರಾಗಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ನೆಲದ ಮೇಲೆ ನಿಂತವರ ಕಣ್ಣಿಗೆ ಗೊತ್ತಾಯಿತು.

ನಮ್ಮ ಪಕ್ಕದ ಮನೆಯವರು ಕಳ್ಳರ ಭಯಕ್ಕೆ ಒಂದು ದೊಡ್ಡ ಫ್ಲಡ್‌ಲೈಟ್ ಹಾಕಿಸಿದರು. ಅವರ ಭಯ ನಿಜವಾದದ್ದು, ಅದನ್ನು ಅಲ್ಲಗಳೆದು ಮಾತಾಡುವುದು ಸರಿಯಲ್ಲ. ಅವರನ್ನೇ ಗೇಟಿನ ಹತ್ತಿರ ನಿಲ್ಲಿಸಿ, "ಆ ಗೋಡೆ ಪಕ್ಕ ಯಾರಾದರೂ ನಿಂತರೆ ಕಾಣುತ್ತಾ ನೋಡಿ" ಅಂದೆ. ದೀಪ ನೇರ ಕಣ್ಣಿಗೆ ಬಡಿಯುತ್ತಿತ್ತು, ಗೋಡೆಯ ನೆರಳು ಇನ್ನೂ ಕಪ್ಪಾಗಿತ್ತು. ಕೆಳಗೆ ತಿರುಗಿಸಿ ಮೇಲೊಂದು ಮರೆ ಹಾಕಿದ ಮೇಲೆ ಅವರಿಗೆ ಗೋಡೆ ಕಾಣುತ್ತದೆ, ನನಗೆ ಪಾರ್ಥ ಕಾಣುತ್ತದೆ. ಎಲ್ಲ ದೀಪಕ್ಕೂ ಹೀಗೆ ಮಾಡಿಸಬಹುದು. ಬೇಕಾದ ಕಡೆಗೆ, ಬೇಕಾದಷ್ಟು, ಬೇಕಾದ ಹೊತ್ತಿನಲ್ಲಿ ಮಾತ್ರ. ಇದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಡ, ಒಂದು ತಗಡು ಸಾಕು.

ಶುರು ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಗರುಡ ಪುಂಜದ ಈಟಾ ನಕ್ಷತ್ರ. ಆಕಾಶದ ನಡುಗೆರೆಯ ಹತ್ತಿರ ಇರುವುದರಿಂದ ಭೂಮಿಯ ಬಹುಪಾಲು ಎಲ್ಲ ಕಡೆಯಿಂದ ಕಾಣುತ್ತದೆ. ಗುಡ್‌ರಿಕ್‌ನ ಗೆಳೆಯ ಎಡ್ವರ್ಡ್ ಪಿಗಟ್ 1784ರಲ್ಲಿ ಇದರ ಬದಲಾವಣೆ ಕಂಡುಹಿಡಿದ. 3.5ರಿಂದ 4.4ರವರೆಗೆ ಇಳಿದು ಏರುತ್ತದೆ, 7 ದಿನ 4 ಗಂಟೆಗೆ ಒಂದು ಸುತ್ತು. ಮೊದಲು ಶ್ರವಣ ನಕ್ಷತ್ರ ಹುಡುಕಿ, ಅಲ್ಲಿಂದ ಈಟಾಗೆ ಬನ್ನಿ. ಹೋಲಿಸಲು ಅದೇ ಪುಂಜದ ಥೀಟಾ 3.2, ಬೀಟಾ 3.7, ಅಯೋಟಾ 4.4 ಇವೆ. ದಿನಾಂಕ, ಗಂಟೆ, ಯಾವ ನಕ್ಷತ್ರಗಳ ಜೊತೆ ಹೋಲಿಸಿದಿರಿ, ಮೋಡ ಇತ್ತಾ, ಚಂದ್ರ ಇತ್ತಾ, ಎಲ್ಲ ಬರೆಯಿರಿ. ಬರೆದ ಪುಟ ಮುಚ್ಚಿಡಿ. ಮೂರು ನಾಲ್ಕು ಸುತ್ತು ಆದ ಮೇಲೆ ಗ್ರಾಫ್ ಕಾಗದ ತೆಗೆದುಕೊಂಡು, ಎಲ್ಲ ಸುತ್ತುಗಳೂ ಒಂದರ ಮೇಲೊಂದು ಬರುವ ಹಾಗೆ 7 ದಿನ 4 ಗಂಟೆಯ ಒಂದೇ ಅಗಲದಲ್ಲಿ ಚುಕ್ಕಿ ಇಡಿ. ಬೇಗ ಏರಿ ನಿಧಾನ ಇಳಿಯುವ ಗೆರೆ ಬರಬೇಕು. ಒಂದೆರಡು ಚುಕ್ಕಿ ಗೆರೆ ಬಿಟ್ಟು ದೂರ ಬಿದ್ದರೆ ಅಳಿಸಬೇಡಿ, ಪಕ್ಕದಲ್ಲಿ ಆ ರಾತ್ರಿಯ ಟಿಪ್ಪಣಿ ಓದಿ ನೋಡಿ. ಸಾಮಾನ್ಯವಾಗಿ ಅಲ್ಲಿ ಮೋಡ ಅಂತಲೋ, ಬೆಳದಿಂಗಳು ಅಂತಲೋ ಬರೆದಿರುತ್ತದೆ. ಏನೂ ಬರೆದಿಲ್ಲದಿದ್ದರೂ ಆ ಚುಕ್ಕಿ ಅಲ್ಲೇ ಇರಲಿ.